ಫೋನಿನವಳು

ಕಾಫಿ ಲೋಟವನ್ನು ಎರಡೂ ಕೈ ಚಾಚಿ ತೆಗೆದುಕೊಂಡ ಗಂಡ, "ತುಂಬ ಉಪಕಾರವಾಯ್ತು, ನಿಮಗೆ ಸುಮ್ನೆ ತೊಂದರೆ" ಎಂದ. ಅವಳ ಬೆರಳು ತಾಕದ ಹಾಗೆ ಲೋಟದ ಅಂಚನ್ನಷ್ಟೇ ಹಿಡಿದಿದ್ದ. ಮದುವೆಯಾದಂದಿನಿಂದ 'ಏನೇ, ಕಾಫಿ ಎಲ್ಲಿ ಸತ್ತುಹೋಯ್ತು' ಎಂದು ಒಳಕೋಣೆಯಿಂದಲೇ ಕೂಗುತ್ತಿದ್ದ ಗಂಡಸು ಈಗ ಕೆಲಸ ಕೇಳಿಕೊಂಡು ಬಂದವನ ಹಾಗೆ ಕುರ್ಚಿಯ ತುದಿಯಲ್ಲಿ ಕೂತು, ಅವಳು ಅಡುಗೆಮನೆಯತ್ತ ತಿರುಗುವವರೆಗೂ ಕುಡಿಯದೆ ಕಾಯುತ್ತಿದ್ದ. ಕತ್ತಿನ ಬಲಗಡೆ, ನಿನ್ನೆ ಗಡ್ಡ ಹೆರೆದುಕೊಳ್ಳುವಾಗ ಕಣ್ಣುತಪ್ಪಿ ಉಳಿದ ಬಿಳಿಗೂದಲಿನ ಒಂದು ಪಟ್ಟೆ ಇತ್ತು. ರೇಜರು ಹಿಡಿದು ಎರಡೇ ಎಳೆತಕ್ಕೆ ತೆಗೆದುಬಿಡಬಹುದಿತ್ತು. ಆದರೆ ಹೋದ ವಾರ ಅಂಗಿಯ ಗುಂಡಿ ಮೇಲೆಕೆಳಗಾಗಿದೆಯೆಂದು ಅವಳು ಕೈ ಹಾಕಿದ್ದಕ್ಕೆ ಎದ್ದು ಗೋಡೆಗೆ ಒತ್ತಿಕೊಂಡು ನಿಂತುಬಿಟ್ಟಿದ್ದ. "ನೋಡಿ, ನನ್ನ ಹೆಂಡತಿ ಊರಲ್ಲಿಲ್ಲ. ಇದೆಲ್ಲ ಚೆನ್ನಾಗಿರಲ್ಲ" ಎಂದಿದ್ದ, ಬಯ್ಯುವ ಹಾಗಲ್ಲ, ಬೇಡಿಕೊಳ್ಳುವ ಹಾಗೆ. ನಗಬೇಕೋ ಅಳಬೇಕೋ ಅವಳಿಗೆ ತಿಳಿಯಲಿಲ್ಲ. ನನ್ನ ಗಂಡ ಬೇರೆ ಹೆಂಗಸನ್ನು ಕಣ್ಣೆತ್ತಿಯೂ ನೋಡುವುದಿಲ್ಲ ಎಂದು ಲೋಕದಲ್ಲಿ ಯಾವ ಹೆಂಡತಿ ತಾನೆ ಅತ್ತಾಳು?

"ಮಾತ್ರೆ ಇಲ್ಲಿಟ್ಟಿದ್ದೀನಿ ಸರ್. ತಿಂಡಿ ಆದ್ಮೇಲೆ ತಗೊಳ್ಳಿ" ಎಂದಳು. ಮೂಗಿನಿಂದ ಹೊರಡುವ, ಸ್ವಲ್ಪ ದಪ್ಪನೆಯ ದನಿ. ಅದು ಅವಳದಲ್ಲ, ಅವಳು ಈ ಮನೆಗೋಸ್ಕರ ಕಟ್ಟಿಕೊಂಡದ್ದು. ಆಸ್ಪತ್ರೆಯಿಂದ ಬಂದ ಹೊಸದರಲ್ಲಿ ತನ್ನ ದನಿಯಲ್ಲೇ ಮಾತಾಡಿಸಲು ಹೋದರೆ ಅವನು ಕೆಂಡಾಮಂಡಲವಾಗುತ್ತಿದ್ದ. "ಮುಖ ಕದ್ದಿದ್ದು ಸಾಲದು ಅಂತ ದನೀನೂ ಕದ್ದಿದ್ದೀರಾ?" ಎಂದು ತಟ್ಟೆ ನೂಕಿದ್ದ. ಸರಿ, ಇದೊಂದು ಪಾತ್ರವೆಂದುಕೊಂಡರಾಯಿತು ಎಂದು ಅವಳು ಎರಡು ದಿನ ಬಚ್ಚಲಲ್ಲಿ ಅಭ್ಯಾಸ ಮಾಡಿ ನರ್ಸಿನ ದನಿಯೊಂದನ್ನು ಹುಟ್ಟಿಸಿದಳು. ಅವಳ ಕಸುಬೇ ಅದು, ಸಿನಿಮಾಗಳಿಗೆ ಕಂಠದಾನ ಮಾಡುವುದು. ಬೇರೆ ಭಾಷೆಯ ನಾಯಕಿಯರು ಬಾಯಿ ಆಡಿಸುತ್ತಾರೆ, ಇವಳು ಕತ್ತಲೆಯ ಕೋಣೆಯಲ್ಲಿ ನಿಂತು ಆ ಬಾಯಿಗೆ ಮಾತು ಕೊಡುತ್ತಾಳೆ. ಎಷ್ಟೋ ಸುಂದರಿಯರ ಗಂಟಲಾಗಿದ್ದವಳು ಕೊನೆಗೆ ತನ್ನ ಮುಖಕ್ಕೆ ತಾನೇ ಬೇರೆಯವಳ ದನಿ ಕೊಡಬೇಕಾಯಿತಲ್ಲ ಎಂದು ಬಚ್ಚಲ ಕನ್ನಡಿಯ ಮುಂದೆ ನಿಂತಾಗ ಬಂದ ನಗು, ನಗುವಾಗಿಯೇ ಮುಗಿಯಲಿಲ್ಲ.

ಅವನದು ಫೋಟೋ ಸ್ಟುಡಿಯೋ. ಹಿಂದಿನ ಪರದೆ ಬದಲಿಸಲು ಸ್ಟೂಲು ಹತ್ತಿದವನು ಆಯತಪ್ಪಿ ತಲೆಕೆಳಗಾಗಿ ಬಿದ್ದ. ಕಣ್ಣು ಬಿಟ್ಟಾಗ ಅಕ್ಕನನ್ನು ಗುರುತಿಸಿದ, ಸ್ಟುಡಿಯೋದ ಪಕ್ಕದ ದರ್ಜಿಯನ್ನು ಗುರುತಿಸಿದ, ಮೊದಲ ಸಲ ಕಂಡ ಡಾಕ್ಟರನ್ನೂ ಮಾರನೆಯ ದಿನ ಗುರುತಿಸಿದ. ಇವಳನ್ನು ನೋಡಿ ಮಾತ್ರ, "ಇವರು ಯಾರು? ನನ್ನ ಹೆಂಡತಿ ಥರಾನೇ ಇದ್ದಾರಲ್ಲ" ಎಂದ. ಎಲ್ಲರೂ ನಕ್ಕರು. ಅವಳೂ ನಕ್ಕಳು, ಸದ್ಯ ತಮಾಷೆ ಮಾಡುವಷ್ಟು ಚೇತರಿಸಿಕೊಂಡನಲ್ಲ ಎಂದು. ಎರಡನೆಯ ದಿನ ಯಾರೂ ನಗಲಿಲ್ಲ. ಮೂರನೆಯ ದಿನ ಅವನು ಅವಳ ಮುಖವನ್ನು ಗಿರಾಕಿಯ ಮುಖ ನೋಡುವ ಹಾಗೆ, ತಲೆ ಓರೆ ಮಾಡಿ, ಬೆಳಕಿನ ಕಡೆ ತಿರುಗಲು ಹೇಳಿ ನೋಡಿದ. "ಕೆಲಸ ಅಚ್ಚುಕಟ್ಟಾಗಿದೆ. ಆದರೆ ಹುಬ್ಬಿನ ಹತ್ರ ಎಡವಿದ್ದಾರೆ. ಅವಳದು ಎಡಹುಬ್ಬು ಒಂದು ಎಳೆ ಮೇಲೆ. ಇವರದು ಎರಡೂ ಸಮ" ಎಂದ ಅಕ್ಕನಿಗೆ. ಆ ಸಂಜೆ ಅವಳು ಆಸ್ಪತ್ರೆಯ ಶೌಚಾಲಯದ ಕನ್ನಡಿಯಲ್ಲಿ ಹುಬ್ಬುಗಳನ್ನು ಎಷ್ಟು ಹೊತ್ತು ನೋಡಿದಳೋ! ಎಡದ್ದು ಮೇಲಿತ್ತೇ? ಯಾವಾಗಲೂ ಇತ್ತೇ? ನೋಡನೋಡುತ್ತ ಅವು ಯಾರದೋ ಹುಬ್ಬುಗಳಾದವು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಅಂತ ಹಿರಿಯರೇನೋ ಹೇಳಿಬಿಟ್ಟರು. ಯಾವುದನ್ನು ಹಿಡಿದು ಪ್ರಮಾಣಿಸುವುದು ಅಂತ ಹೇಳದೆ ಹೋದರು.

ಅವನ ಮಾತ್ರೆಗೆಂದು ಆಸ್ಪತ್ರೆಯ ಕೆಳಗಿನ ಔಷಧಿ ಅಂಗಡಿಗೆ ಇಳಿದವಳು, ಬಿಳಿಯದೋ ಗುಲಾಬಿಯದೋ ಎಂದು ಕೇಳಲು ಅವನಿಗೆ ಫೋನು ಮಾಡಿದಾಗ, ಫೋನಿನಲ್ಲಿ ಮಾತ್ರ ಅವನಿಗೆ ತಾನು ಹೆಂಡತಿಯೇ ಎಂಬುದು ಗೊತ್ತಾದದ್ದು. "ಎಲ್ಲಿ ಹಾಳಾಗಿ ಹೋಗಿದ್ದೀಯೇ?" ಎಂದಿದ್ದ. "ನಾನಿಲ್ಲಿ ಸಾಯೋ ಸ್ಥಿತೀಲಿದ್ದೀನಿ, ಯಾವಳೋ ನಿನ್ನ ಮುಖ ಹಾಕ್ಕೊಂಡು ಓಡಾಡ್ತಿದ್ದಾಳೆ, ಯಾರೂ ಕೇಳೋರಿಲ್ಲ. ಬಾರೇ, ಬೇಗ ಬಾರೇ" ಎಂದು ಅಳತೊಡಗಿದ್ದ. ಅವಳು ಮೆಟ್ಟಿಲ ಮೇಲೆ ಕುಸಿದು ಕೂತಳು. ಜನ ಅವಳನ್ನು ಬಳಸಿಕೊಂಡು ಹತ್ತಿಹೋದರು. ಡಾಕ್ಟರು ಆಮೇಲೆ ಬಿಡಿಸಿ ಹೇಳಿದರು: "ನೋಡಮ್ಮ, ನಿಮ್ಮ ಮುಖ ಅವರಿಗೆ ಕಾಣತ್ತೆ. ಆದ್ರೆ ನನ್ನವಳು ಅನ್ನೋ ಬಿಸಿ ಮಾತ್ರ ಹುಟ್ಟಲ್ಲ. ಬಿಸಿ ಹುಟ್ಟದ ಮುಖವನ್ನ ಮನಸ್ಸು ನಕಲಿ ಅಂತ ತೀರ್ಮಾನ ಮಾಡತ್ತೆ. ಕಣ್ಣಿನ ದಾರಿ ಕಡಿದಿದೆ, ಕಿವಿಯ ದಾರಿ ಉಳಿದಿದೆ. ಆ ಒಂದು ಎಳೆ ಹಿಡ್ಕೊಳ್ಳಿ, ಬಿಡಬೇಡಿ. ಒಂದಲ್ಲ ಒಂದು ದಿನ ಎರಡೂ ಕೂಡಿಕೊಂಡರೂ ಕೂಡಿಕೊಳ್ಳಬಹುದು." ಅವತ್ತಿನಿಂದ ಅವಳು ಇಬ್ಬರಾದಳು. ಫೋನಿನವಳು ದೂರದೂರಿಗೆ ಸಿನಿಮಾ ಕೆಲಸಕ್ಕೆ ಹೋದ ಹೆಂಡತಿ, ಮನೆಯಲ್ಲಿರುವವಳು ಅವಳು ನೇಮಿಸಿದ ನರ್ಸು. "ಇಷ್ಟು ಹೋಲೋಳನ್ನ ಎಲ್ಲಿಂದ ಹುಡುಕಿ ತಂದೆ ಮಾರಾಯ್ತಿ? ನನ್ನನ್ನ ಅಣಕಿಸೋಕಾ?" ಎಂದು ಫೋನಿನಲ್ಲಿ ಅವನು ಜಗಳವಾಡಿದ್ದ. ಆಕೆ ಸಮಾಧಾನ ಮಾಡಿದ್ದಳು. ಆಕೆಗೇನು, ಫೋನಿಟ್ಟರೆ ಮುಗಿಯಿತು. ಅವನ ಎಂಜಲು ತಟ್ಟೆ ತೊಳೆಯುವವಳು ಇವಳು.

ಇವತ್ತು ಕಾಫಿ ಕೊಟ್ಟು ಕೆಲಸಕ್ಕೆಂದು ರಸ್ತೆಗಿಳಿದು, ಬಸ್ಸು ಹತ್ತಿ, ಕಿಟಕಿಯ ಪಕ್ಕ ಕೂತಾಗಲೂ ಅವಳ ಕೈ ಹುಬ್ಬಿನ ಮೇಲೆ ಹೋಗುತ್ತಿತ್ತು. ಹಗಲಿಡೀ ಗಂಡನನ್ನು ನೋಡಿಕೊಳ್ಳಲು ಅತ್ತಿಗೆ, ಅಂದರೆ ಅವನ ಅಕ್ಕ, ಬಂದು ಕೂತಿದ್ದಳು. ಅವಳು ನೀರು ಕೊಟ್ಟರೆ ಅವನು ಕುಡಿಯುತ್ತಾನೆ, ತಲೆಗೆ ಎಣ್ಣೆ ಒತ್ತಿಸಿಕೊಳ್ಳುತ್ತಾನೆ. "ನೀನು ಅವನ ಮುಂದೆ ಜಾಸ್ತಿ ಸುಳಿಯಬೇಡ ಕಣಮ್ಮ, ಸುಮ್ನೆ ಕೆರಳ್ತಾನೆ" ಎಂದು ಇವತ್ತೂ ಬಾಗಿಲಲ್ಲಿ ಹೇಳಿದಳು, ಒಳ್ಳೆಯ ಮಾತಿನಲ್ಲೇ. ಒಳ್ಳೆಯ ಮಾತು ಹೊಟ್ಟೆಗೆ ಹೋಗಿ ಚುಚ್ಚುವ ಹಾಗೆ ಕೆಟ್ಟ ಮಾತು ಚುಚ್ಚುವುದಿಲ್ಲ. ಪ್ರಮಾಣ ಕೊಡಲು ಇವಳೇನು ಕಡಿಮೆ ಒದ್ದಾಡಿದ್ದಳೇ? ಅವರಿಬ್ಬರಿಗೇ ಗೊತ್ತಿದ್ದದ್ದನ್ನೆಲ್ಲ ಒಂದೊಂದಾಗಿ ಅವನ ಮುಂದಿಟ್ಟಿದ್ದಳು. ಅವನ ಅಪ್ಪ ಸತ್ತ ದಿನ ಅವನು ಅಳು ಬರಲಿಲ್ಲವೆಂದು ನಾಚಿ ಅವಳ ಕಿವಿಯಲ್ಲಿ ಹೇಳಿದ ಮಾತನ್ನೂ ಹೇಳಿದ್ದಳು. ಅವನು ಬೆಚ್ಚಿ, "ಇದನ್ನೂ ನಿಮಗೆ ಹೇಳಿಬಿಟ್ಲಾ?" ಎಂದು ಫೋನಿನವಳ ಮೇಲೆ ಎರಡು ದಿನ ಮುನಿಸಿಕೊಂಡಿದ್ದ. ಸಾಕ್ಷಿ ಹೆಚ್ಚಿದಷ್ಟೂ ಅವನ ಅನುಮಾನ ಹೆಚ್ಚುತ್ತಿತ್ತು. ಇಷ್ಟು ಪಕ್ಕಾ ತಯಾರಿ ಮಾಡಿಕೊಂಡವಳು ನಕಲಿಯಲ್ಲದೆ ಇನ್ನೇನು! ಬಸ್ಸಿನಲ್ಲಿ ಎದುರು ಕೂತ ಹೆಂಗಸು ನಿದ್ದೆಗೆ ಜಾರಿ, ಅವಳ ಬಾಯಿ ತುಸು ತೆರೆದುಕೊಂಡಿತ್ತು. ಆ ಬಾಯಿಗೆ ಯಾವ ದನಿ ಹೊಂದೀತೆಂದು ಇವಳು ಅಭ್ಯಾಸಬಲದಿಂದ ಯೋಚಿಸಿದಳು. ಆಮೇಲೆ, ಬೆಳಿಗ್ಗೆ ಉಪಕಾರವಾಯ್ತೆಂದ ಆ ಮನುಷ್ಯ ತನ್ನ ಗಂಡನೇ ಎಂದು ತನಗೆ ಹೇಗೆ ಗೊತ್ತು ಎಂಬ ಯೋಚನೆ ಬಂತು. ಮುಖ ಅವನದೇ. ಆದರೆ ತನ್ನವನು ಒಂದು ದಿನಕ್ಕೂ ಉಪಕಾರ ಎಂದವನಲ್ಲ. ಥೂ, ಏನಿದು ಯೋಚನೆ ಎಂದು ಕಿಟಕಿಯ ಸರಳಿಗೆ ಹಣೆಯೊತ್ತಿದಳು.

ಡಬ್ಬಿಂಗ್ ಸ್ಟುಡಿಯೋದ ನಿರ್ದೇಶಕನಿಗೆ ಎಲ್ಲರೂ ತುಟಿರಾಯ ಎನ್ನುತ್ತಿದ್ದರು. ಅವನ ಮುಂದೆಯೂ ಅನ್ನುತ್ತಿದ್ದರು, ಅವನಿಗದು ಬಿರುದಿನ ಹಾಗಿತ್ತು. ಕತೆ ಏನಾದರೂ ಆಗಲಿ, ಭೂಮಿ ಮುಳುಗಲಿ, ಪರದೆಯ ಮೇಲಿನ ತುಟಿಗೂ ಮೈಕಿನ ಮಾತಿಗೂ ಕೂದಲೆಳೆಯಷ್ಟು ಅಂತರ ಬಂದರೆ ಅವನಿಗೆ ಅನ್ನ ಸೇರುತ್ತಿರಲಿಲ್ಲ. ಈಗ ನಡೆದಿದ್ದದ್ದು ಯಾವುದೋ ಗ್ರಹದ ಚಿತ್ರ. ದೊಡ್ಡ ಗಾಜಿನ ಗುಮ್ಮಟದ ಕೆಳಗೆ ಒಂದು ಊರು. ಅಲ್ಲಿ ಆಕಾಶ ಅಳೆಯುವ ಕೆಲಸದ ಒಬ್ಬ ನಾಯಕ. ಒಂದು ದಿನ ಅವನಿಗೆ ಮೇಲಿನ ನಕ್ಷತ್ರಗಳು ಬಟ್ಟೆಯ ಮೇಲಿನ ಚಿತ್ತಾರದ ಹಾಗೆ, ಅವೇ ಅವೇ ತಿರುಗಿ ಬಂದಿರುವುದು ಕಾಣುತ್ತದೆ. ಆಕಾಶವೇ ಯಾರೋ ಬರೆದದ್ದಾದರೆ ಕೆಳಗಿನದು? ಅಲ್ಲಿಂದ ಶುರು. ನೆರೆಯವನು ನಿಜವೇ, ತನ್ನ ಮೊಣಕಾಲ ಗಾಯದ ಕಲೆ ನಿಜವೇ, ಅಮ್ಮನ ನೆನಪು ನಿಜವೇ ಎಂದು ಒಂದೊಂದನ್ನೇ ಅನುಮಾನಿಸುತ್ತ ಕೊನೆಗೆ ಹೆಂಡತಿಯ ಹತ್ತಿರ ಬಂದು ನಿಲ್ಲುತ್ತಾನೆ. ಆ ಹೆಂಡತಿಗೆ ಕಂಠ ಇವಳದು. ಮೊದಲ ದಿನವೇ ಇವಳು ಕೇಳಿದ್ದಳು, "ಸರ್, ಅವಳು ನಿಜವಾದವಳೋ, ಇಲ್ಲಾ ಆ ಆಕಾಶ ಬರೆದೋರು ಮಾಡಿಟ್ಟವಳೋ? ಗೊತ್ತಿಲ್ದೆ ಹೇಗೆ ಮಾತಾಡೋದು?"

"ಮೂಲದೋರೇ ಅದನ್ನ ಹಾಗೇ ಬಿಟ್ಟಿದ್ದಾರೆ ಕಣ್ರೀ. ನಮಗ್ಯಾಕೆ ಉಸಾಬರಿ? ತುಟಿ ಕೂತ್ರೆ ಅವಳೂ ನಿಜ, ನಾವೂ ನಿಜ" ಎಂದಿದ್ದ ತುಟಿರಾಯ.

ಇವತ್ತು ಕೊನೆಯ ದೃಶ್ಯ. ಗುಮ್ಮಟದ ಬಾಗಿಲ ಬಳಿ ನಿಂತ ನಾಯಕ ಹೆಂಡತಿಯನ್ನು ಕೇಳುತ್ತಾನೆ, ನೀನು ಅವರು ಮಾಡಿದವಳಾಗಿದ್ದರೆ ಈಗ ಏನು ಹೇಳುತ್ತಿದ್ದೆ ಎಂದು. ಅವಳು ಹೇಳುತ್ತಾಳೆ, "ಇದನ್ನೇ ಹೇಳುತ್ತಿದ್ದೆ. ನಿಜವಾದವಳಾದರೂ ಇದನ್ನೇ ಹೇಳುತ್ತೇನೆ. ನಾನೇ." ಅವನು ಬಾಗಿಲು ದಾಟುತ್ತಾನೆ. ಅವಳು ಗಾಜಿಗೆ ಎರಡೂ ಕೈ ಬಡಿಯುತ್ತ ಅವನ ಹೆಸರು ಹಿಡಿದು ಕಿರುಚುತ್ತಾಳೆ, ಉಸಿರು ತೀರುವವರೆಗೆ. ಇವಳ ಗಂಟಲಿನ ವಿಷಯ ತುಟಿರಾಯನಿಗೆ ಗೊತ್ತಿತ್ತು. ಗಂಟಲ ಡಾಕ್ಟರು ಇವಳ ಸ್ವರತಂತುಗಳ ಮೇಲೆ ಎರಡು ಗಂಟು ಕಂಡು, ಮೆಲ್ಲಗೆ ಮಾತಾಡಿಕೊಂಡಿದ್ದರೆ ಉಳಿಯುತ್ತದೆ, ಕಿರುಚಿದಿರೋ ದನಿ ಹೋದದ್ದು ತಿರುಗಿ ಬರುತ್ತದೆಂದು ಯಾರೂ ಹೇಳಲಾರರು ಎಂದಿದ್ದರು. "ಮಾತಷ್ಟು ನೀವು ಹೇಳಿ, ಕಿರುಚೋದಕ್ಕೆ ಬೇರೆ ಹುಡುಗೀನ ಕರೆಸ್ತೀನಿ. ಕಿರುಚಾಟ ಎಲ್ಲರದೂ ಒಂದೇ ಥರ ಇರತ್ತೆ. ಗಂಟಲು ಹಾಳುಮಾಡ್ಕೋಬೇಡಿ" ಎಂದು ಅವನು ಬೆಳಿಗ್ಗೆಯೂ ಹೇಳಿದ. ಒಳ್ಳೆಯ ಮನುಷ್ಯ. ನೋಡೋಣ ಸರ್ ಎಂದು ಇವಳು ತೇಲಿಸಿದಳು.

ಊಟದ ಹೊತ್ತಿಗೆ ಹಜಾರದ ಕೊನೆಯಲ್ಲಿ, ನೀರಿನ ಫಿಲ್ಟರಿನ ಪಕ್ಕ ನಿಂತು ಫೋನು ಮಾಡಿದಳು. ಒಂದೇ ರಿಂಗಿಗೆ ಎತ್ತಿದ.

"ಊಟ ಆಯ್ತೇನ್ರೀ?"

"ಆಯ್ತು ಕಣೇ. ನಿಂದು? ಏನು ತಿಂದೆ ಹೇಳು." ಎದುರಿಗಿದ್ದಾಗ ಇಷ್ಟು ವರ್ಷದಲ್ಲಿ ಅವನು ಇದನ್ನು ಕೇಳಿದವನಲ್ಲ. "ನೀನು ಹೋದ ಮೇಲೆ ಮನೆ ಮನೆ ಹಾಗಿಲ್ಲ. ಆ ನರ್ಸಮ್ಮ ಒಳ್ಳೆಯವರೇ, ಪಾಪ. ಆದ್ರೆ ಅಡುಗೆಮನೇಲಿ ನಲ್ಲಿ ಬಿಟ್ಕೊಂಡು ಅಳ್ತಾರೆ. ನನಗೆ ಕೇಳಿಸಲ್ಲ ಅಂದ್ಕೊಂಡಿದ್ದಾರೆ. ಅವರಿಗೆ ಹಿಂದೆ ಮುಂದೆ ಯಾರಿದ್ದಾರೋ ಇಲ್ವೋ."

"ಅಳ್ತಿದ್ರೆ ಹೋಗಿ ಒಂದು ಮಾತು ಕೇಳ್ಬಾರ್ದೇನ್ರೀ?"

"ನಾನ್ಯಾಕೆ ಕೇಳ್ಲಿ? ಆ ಮುಖ ನೋಡಿದ್ರೆ ನಿನ್ನ ನೆನಪಾಗಿ ಹೊಟ್ಟೇಲಿ ಸಂಕಟ ಆಗತ್ತೆ. ಅವರನ್ನ ಕಳಿಸಿಬಿಟ್ಟು ನೀನು ಬಂದ್ಬಿಡು. ಇದೇನಿದು, ನಿನ್ನ ದನಿ ಯಾಕೋ ಒಡೀತಿದೆ?"

"ಗಂಟಲು ಕಟ್ಟಿದೆ ಅಷ್ಟೆ."

"ಬಿಸಿನೀರು ಕುಡಿ. ಮಾತು ಕಮ್ಮಿ ಮಾಡು. ನೋಡು, ನನಗೆ ಯಾವುದರ ಮೇಲೂ ನಂಬಿಕೆ ಬರ್ತಿಲ್ಲ. ಗೋಡೆ ಗೋಡೇನಾ ಅಂತ ಮುಟ್ಟಿ ನೋಡೋ ಹಾಗಾಗಿದೆ. ನಿನ್ನ ದನಿ ಒಂದಿಲ್ದಿದ್ರೆ ನಾನು ಯಾವತ್ತೋ ಹುಚ್ಚನಾಗಿಬಿಡ್ತಿದ್ದೆ."

ಫೋನಿಟ್ಟ ಮೇಲೂ ಅವಳು ಫಿಲ್ಟರಿನ ತೊಟ್ಟಿಕ್ಕುವ ನಲ್ಲಿಯನ್ನು ನೋಡುತ್ತ ನಿಂತೇ ಇದ್ದಳು. ಅವಳ ಮೈಯಲ್ಲಿ ಉರಿಯುತ್ತಿದ್ದದ್ದು ಹೊಟ್ಟೆಕಿಚ್ಚು, ಬೇರೇನಲ್ಲ. ಏನು ತಿಂದೆ ಎಂದು ಕೇಳಿಸಿಕೊಳ್ಳುವವಳು ಅವಳು! ನಾಯಕಿಯರ ಗಂಟಲಾಗಿ ವಯಸ್ಸೇ ಆಗದೆ ಉಳಿದ ಆ ಫೋನಿನವಳಿಗೆ ನೆರೆಗೂದಲಿಲ್ಲ, ಬೆನ್ನುನೋವಿಲ್ಲ, ಕಣ್ಣ ಕೆಳಗೆ ಕಪ್ಪಿಲ್ಲ. ಅವನು ಪ್ರೀತಿಸುತ್ತಿರುವುದು ಅವಳನ್ನು. ಹೋದ ತಿಂಗಳು ಒಂದು ಸಂಜೆ ಕರೆಂಟು ಹೋಗಿತ್ತು. ಅತ್ತಿಗೆ ಹೊರಟುಹೋಗಿದ್ದಳು. ಗಾಢ ಕತ್ತಲೆಯಲ್ಲಿ ಏನೋ ಬಿದ್ದ ಸದ್ದಾಗಿ ಇವಳು ಮೈಮರೆತು ತನ್ನ ದನಿಯಲ್ಲೇ, "ರೀ, ಎಡವಿದ್ರಾ?" ಎಂದುಬಿಟ್ಟಳು. ಆಮೇಲೆ ಕತ್ತಲೆಯೊಳಗಿಂದ, "ಯಾವಾಗ ಬಂದ್ಯೇ?" ಎಂಬ ಮಾತು ಬಂತು, ಮೆತ್ತಗೆ, ಉಬ್ಬಿ ಬಂದ ಸಂತೋಷದಲ್ಲಿ. ಈಗಷ್ಟೇ ಬಂದೆ ಎಂದಳು. ಇಬ್ಬರೂ ನೆಲದ ಮೇಲೆ ಕೂತರು. ಅವನು ಅವಳ ಭುಜಕ್ಕೆ ತಲೆ ಆನಿಸಿ, ಸ್ಟುಡಿಯೋದ ಬೀಗದ ಕೈ ಎಲ್ಲಿಟ್ಟಿದ್ದೀಯ ಎಂದು ಕೇಳಿದ, ಅಷ್ಟು ಸಾಮಾನ್ಯವಾದ ಮಾತನ್ನು. ಅವಳು ದೇವರೇ, ಈ ಕತ್ತಲೆ ಹೀಗೇ ಇರಲಿ, ಊರಿಗೆಲ್ಲ ಹೀಗೇ ಇರಲಿ ಎಂದು ಬೇಡಿದಳು. ಬೀದಿಯಲ್ಲಿ ಮಕ್ಕಳು 'ಕರೆಂಟ್ ಬಂತೂ' ಎಂದು ಕೂಗಿದವು. ಬೆಳಕಿನಲ್ಲಿ ಅವಳ ಮುಖ ಕಂಡವನೇ ಅವನು ಹಾವು ತುಳಿದವನ ಹಾಗೆ ಚೀರಿ ಹಿಂದಕ್ಕೆ ಸರಿದ. ಆ ಚೀರು ಇನ್ನೂ ಅವಳ ಕಿವಿಯಲ್ಲಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರಲ್ಲ, ಅವಳಿಗೆ ಬಾಯಿಗೂ ಬಂದಿತ್ತು.

ಕೋಣೆಯ ದೀಪ ಆರಿಸಿದರು. ಪರದೆಯ ಮೇಲೆ ಆ ಹೆಂಗಸು, ಗಾಜು, ಗಾಜಿನಾಚೆ ದೂರವಾಗುತ್ತಿರುವ ಬೆನ್ನು. ಹೆಡ್‌ಫೋನಿನಲ್ಲಿ ತುಟಿರಾಯ, "ಮಾತು ಸೊಗಸಾಗಿ ಬಂತು. ನೀವಿನ್ನು ಹೊರಡಿ. ಕಿರುಚಾಟಕ್ಕೆ ಹುಡುಗಿ ಬಂದು ಕೂತಿದ್ದಾಳೆ" ಎಂದ. ಗಾಜಿನ ಕಿಟಕಿಯಾಚೆ ಒಬ್ಬ ಹುಡುಗಿ ಮೊಬೈಲು ನೋಡುತ್ತ ಕೂತದ್ದು ಇವಳಿಗೆ ಕಂಡಿತು. ಹೊರಡಬೇಕು. ಹೊರಟು, ಬಿಸಿನೀರು ಕುಡಿದು, ಸಂಜೆ ಮೆಟ್ಟಿಲ ಕೆಳಗೆ ನಿಂತು ಫೋನು ಮಾಡಬೇಕು. ಆ ಎಳೆ ಕಡಿಯಬಾರದು. ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಅವಳು ಮೈಕಿನ ಮುಂದಿನಿಂದ ಕದಲಲಿಲ್ಲ. ಮನೆಯಲ್ಲಿ ಕಿರುಚುವಂತಿಲ್ಲ, ನರ್ಸು ಕಿರುಚಿದರೆ ಕೆಲಸ ಹೋಗುತ್ತದೆ. ಫೋನಿನಲ್ಲಿ ಕಿರುಚುವಂತಿಲ್ಲ, ದೂರದೂರಿನ ಹೆಂಡತಿಗೆ ಕಿರುಚುವಂಥದ್ದೇನಾಗಿದೆ? ಬಸ್ಸಿನಲ್ಲಿ, ಬೀದಿಯಲ್ಲಿ, ಬಚ್ಚಲಲ್ಲಿ, ಎಲ್ಲಿಯೂ ಇಲ್ಲ. ನಾನೇ ಎಂದು ಒಬ್ಬ ಗಂಡಸಿನ ಬೆನ್ನಿಗೆ ಕೂಗಿ ಹೇಳಲು ಲೋಕದಲ್ಲಿ ಅವಳಿಗಿದ್ದದ್ದು ಈ ಒಂದು ಕತ್ತಲೆ ಕೋಣೆ.

"ನಾನೇ ಮಾಡ್ತೀನಿ ಸರ್" ಎಂದಳು.

"ಬೇಡ ಕಣ್ರೀ, ನಿಮ್ಮ ಗಂಟಲು..."

"ಬಿಡಿ ಸರ್. ಓಡಿಸಿ."

ಮೊದಲ ಸಲಕ್ಕೇ ತುಟಿ ಕೂತಿತು. ಸಾಕು ಎಂದ ತುಟಿರಾಯ. ಇನ್ನೊಂದು ಎಂದಳು. ಎರಡನೆಯದರಲ್ಲಿ ಗಂಟಲೊಳಗೆ ಏನೋ ಬಟ್ಟೆ ಹರಿದ ಹಾಗೆ ಪರ್ರೆಂದದ್ದು ಅವಳಿಗೆ ಸ್ಪಷ್ಟವಾಗಿ ಕೇಳಿಸಿತು. ಇನ್ನೊಂದು ಎಂದಳು. ಮೂರನೆಯದಕ್ಕೆ ಪರದೆಯ ಹೆಂಗಸಿನ ಬಾಯಿ ತೆರೆದಾಗ ಇವಳ ಬಾಯಿಂದ ಹೊರಟದ್ದು ಆ ಗ್ರಹದ ಗಂಡಸಿನ ಹೆಸರಲ್ಲ. "ರೀ! ನಾನೇ ಕಣ್ರೀ! ನಾನೇ ಕಣ್ರೀ!" ಎಂದು ಒದರಿದಳು, ಕಣ್ಣಲ್ಲಿ ನೀರು ಬಂದು ಪರದೆ ಕಾಣದಾಗುವವರೆಗೆ, ಕೂಗು ಹೋಗಿ ಬರೀ ಗಾಳಿ ಹೊರಡುವವರೆಗೆ. ದೀಪ ಹೊತ್ತಿತು. "ಏನಮ್ಮ ತಾಯಿ, ಬೇರೆ ಗ್ರಹದವಳು ರೀ ಅಂತಾಳಾ?" ಎಂದು ತುಟಿರಾಯ ನಗಲು ನೋಡಿ, ನಗು ಹೊರಡದೆ ಕನ್ನಡಕ ಒರೆಸಿಕೊಂಡ. "ಆದ್ರೂ ತುಟಿ ಕೂತಿದೆ. ಏನು ಮಾಯವೋ. ಇಟ್ಕೊಳ್ಳೋಣ."

ಥ್ಯಾಂಕ್ಸ್ ಸರ್ ಎನ್ನಲು ಹೋದಳು. ಅದು ಬರಲಿಲ್ಲ.

ಸಂಜೆ ಅವಳು ಮನೆಗೆ ಬರುವ ಕ್ರಮ ಒಂದಿತ್ತು. ಮೆಟ್ಟಿಲ ಕೆಳಗಿನ ಕತ್ತಲಲ್ಲಿ, ನೀರಿನ ಮೀಟರುಗಳ ಪಕ್ಕ ನಿಂತು ಹೆಂಡತಿಯಾಗಿ ಫೋನು ಮಾಡುವುದು, ಫೋನಿಟ್ಟು ಮೆಟ್ಟಿಲು ಹತ್ತಿ ನರ್ಸಾಗಿ ಬೆಲ್ಲು ಒತ್ತುವುದು. ಇವತ್ತು ಬಸ್ಸಿಳಿದವಳು ಅಂಗಡಿಯಲ್ಲಿ ಬಿಸಿನೀರು ಕೈಸನ್ನೆಯಲ್ಲಿ ಕೇಳಿ ಕುಡಿದು ಬಂದಿದ್ದಳು. ಅತ್ತಿಗೆ ಬೀದಿ ತಿರುವಿನಲ್ಲಿ ಎದುರಾಗಿ, "ಇವತ್ತು ಮಗುವಿನ ಹಾಗಿದ್ದಾನೆ. ನಿನ್ನ ಫೋನಿಗೇ ಕಾದಿದ್ದಾನೆ" ಎಂದು ಹೇಳಿ ಹೋಗಿದ್ದಳು. ಫೋನು ಮಾಡದಿದ್ದರೆ ಅವನು ರಂಪ ಮಾಡುತ್ತಾನೆ. ಮಾಡಿದರೆ? ಬೆರಳು ತಾನಾಗಿ ಒತ್ತಿತು.

"ಎಷ್ಟು ಹೊತ್ತೇ ಕಾಯೋದು?" ಎಂದ ಅವನು, ನಗುವ ದನಿಯಲ್ಲಿ.

ಅವಳು ರೀ ಎಂದಳು. ತನ್ನ ಕಿವಿಗೇ ಅದು ಒಣಗಿದ ತೆಂಗಿನ ಗರಿ ನೆಲಕ್ಕೆ ಎಳೆದ ಹಾಗೆ ಕೇಳಿತು.

"ಹಲೋ? ಯಾರು?"

"ನಾನೇ..."

"ಯಾರ್ರೀ ನೀವು? ಇದು ಅವಳ ನಂಬರು. ಅವಳೆಲ್ಲಿ? ಅವಳ ಫೋನು ನಿಮ್ಮ ಕೈಗೆ ಹೇಗೆ ಬಂತು? ಅವಳಿಗೆ ಏನು ಮಾಡಿದ್ರಿ?" ದನಿ ಏರುತ್ತ ಏರುತ್ತ ಬಂದು ಗಕ್ಕನೆ ಕಡಿಯಿತು. ಮೇಲೆ ಬಾಗಿಲು ದಢಾರನೆ ತೆರೆಯಿತು. ಬರಿಗಾಲು ಮೆಟ್ಟಿಲುಗಳನ್ನು ಅಡ್ಡಾದಿಡ್ಡಿ ಇಳಿದುಬರುವ ಸದ್ದು. ಅವಳು ಮೀಟರುಗಳಿಗೆ ಒತ್ತಿಕೊಂಡಳು. ಮುಗಿಯಿತು, ಕೈಯಾರೆ ಕಡಿದುಕೊಂಡೆ. ಮೂರು ಸಲ, ಬೇಡವೆಂದರೂ ಕೇಳದೆ, ಯಾರದೋ ಬೆನ್ನಿಗೆ ಕಿರುಚಿ ನನ್ನ ಮನುಷ್ಯನನ್ನು ಕಳೆದುಕೊಂಡೆ. ಕೆಳಗಿಳಿದವನು ಅವಳನ್ನು ನೋಡಿ ನಿಂತ. ಕೈಯಲ್ಲಿ ಉರಿಯುತ್ತಿದ್ದ ಫೋನನ್ನು ಅವಳು ಬಚ್ಚಿಡಲೂ ಹೋಗಲಿಲ್ಲ. ನೋಡಿಬಿಡಲಿ, ಬಯ್ಯಲಿ, ಕೊಂದರೂ ಕೊಲ್ಲಲಿ.

"ಸದ್ಯ, ನೀವಾದರೂ ಬಂದ್ರಲ್ಲ!" ಎಂದ. "ನೋಡಿ, ಅವಳಿಗೆ ಏನೋ ಆಗಿದೆ. ಯಾರೋ ಅವಳ ಫೋನಲ್ಲಿ ಮಾತಾಡ್ತಿದ್ದಾರೆ. ನಾನೇ ಅಂತಾರೆ! ನನಗೆ ಅವಳ ದನಿ ಗೊತ್ತಿಲ್ವಾ? ಎಷ್ಟು ವರ್ಷ ಸಂಸಾರ ಮಾಡಿದ್ದೀನಿ! ನನಗೆ ಒಬ್ಬನಿಗೇ ಹೋಗೋಕೆ ಭಯ ಆಗತ್ತೆ. ಬೀದಿ ಬೀದಿ ಥರ ಕಾಣ್ತಿಲ್ಲ. ನೀವು ಬನ್ನಿ. ನಿಮಗೆ ಕೈಮುಗೀತೀನಿ, ಅವಳನ್ನ ಹುಡುಕಿಕೊಡಿ." ಕೈಮುಗಿಯಲು ಎತ್ತಿದ ಕೈಗಳು ಏನು ಮಾಡುತ್ತಿವೆಯೆಂದು ಅವನಿಗೇ ತಿಳಿಯದೆ ಅವಳ ಕೈಯನ್ನು ಹಿಡಿದುಕೊಂಡವು.

ಅವನು ಬಿದ್ದ ದಿನದಿಂದ ಅವಳ ಮುಖ ಕಂಡೂ ಅವನು ಅವಳನ್ನು ಮುಟ್ಟಿದ್ದು ಅದೇ ಮೊದಲು. ಅಂಗೈ ಬೆವೆತಿತ್ತು, ಒರಟಾಗಿತ್ತು, ಅವನದೇ ಆಗಿತ್ತು. ಬೆಳಗಿನ ಅನುಮಾನ ಅವಳಲ್ಲಿ ಲವಲೇಶವೂ ಉಳಿಯಲಿಲ್ಲ. ಇವನೇ. ಜಗತ್ತಿನಲ್ಲಿ ಬೇರೆ ಯಾವುದು ಇರಲಿ ಬಿಡಲಿ, ಈ ಅಂಗೈ ಇದೆ. ಅವಳು ಅವನ ಜೊತೆ ನಡೆದಳು. ಅವನು ಬರಿಗಾಲಲ್ಲಿ, ಕಲ್ಲು ಮಣ್ಣು ನೋಡದೆ, ಅವಳನ್ನು ಎಳೆದುಕೊಂಡು ಸಾಗಿದ. ಎದುರು ಬಂದ ಹೆಂಗಸರ ಮುಖಗಳನ್ನೆಲ್ಲ ಬಗ್ಗಿ ಬಗ್ಗಿ ನೋಡಿದ. ನಡುನಡುವೆ ಫೋನು ತೆಗೆದು ಕರೆ ಮಾಡಿದ. ಅವಳ ಇನ್ನೊಂದು ಕೈಯಲ್ಲಿ ಫೋನು ಗುರ್ ಎಂದು ನಡುಗಿತು, ಅವಳು ಅದನ್ನು ಸೆರಗಿನೊಳಗೆ ಒತ್ತಿ ಹಿಡಿದಳು. "ಎತ್ತುತ್ತಿಲ್ಲ" ಎಂದು ಅವನು ಅಳುತ್ತಿದ್ದ. "ಕೆಲಸ ಕೆಲಸ ಅಂತ ಹೋದಾಗಲೇ ಬೇಡ ಅನ್ನಬೇಕಿತ್ತು. ನಾನು ಅವಳಿಗೆ ಒಂದು ಒಳ್ಳೇ ಮಾತು ಆಡಿದವನಲ್ಲ ನೋಡಿ. ಫೋನಲ್ಲಿ ಆಡಿದ್ದಷ್ಟೆ. ಎದುರಿಗಿದ್ದಾಗ ಹೇಳೋಣ ಅಂದ್ರೆ ಬಾಯಿ ಬರ್ತಿರಲಿಲ್ಲ." ಅವಳು ಅವನ ಕೈಯನ್ನು ಮೆಲ್ಲಗೆ ಒತ್ತಿದಳು. ಅವನು ಬಿಡಿಸಿಕೊಳ್ಳಲಿಲ್ಲ.

ತಿರುವಿನಲ್ಲಿ ಹೊಸದಾಗಿ ಶುರುವಾದ ಹಣ್ಣಿನ ಅಂಗಡಿಯ ಮುಂದೆ ಅವನು ನಿಂತ. ಕಿಸೆಯಿಂದ ಪರ್ಸು ತೆಗೆದು, ಪರ್ಸಿನಿಂದ ಸಣ್ಣದೊಂದು ಫೋಟೋ ತೆಗೆದು ಅಂಗಡಿಯವನ ಮುಂದೆ ಹಿಡಿದ. ತಾನೇ ತೆಗೆದ ಫೋಟೋ. "ಇವಳನ್ನ ಈ ಕಡೆ ಏನಾದ್ರೂ ನೋಡಿದ್ರಾ? ನನ್ನ ಹೆಂಡತಿ. ಕಾಣಿಸ್ತಿಲ್ಲ." ಅಂಗಡಿಯವನು ಫೋಟೋವನ್ನು ಬಲ್ಬಿನ ಬೆಳಕಿಗೆ ಹಿಡಿದು ನೋಡಿದ. ಅವಳನ್ನು ನೋಡಿದ. ಮತ್ತೆ ಫೋಟೋ ನೋಡಿದ.

"ಏನ್ ಸ್ವಾಮಿ, ಸಂಜೆ ಹೊತ್ತು ತಮಾಷೆ ಮಾಡ್ತೀರಾ? ಪಕ್ಕದಲ್ಲೇ ಇದ್ದಾರಲ್ಲ. ಇವರೇ ಅಲ್ವಾ ಇದು?"

ಗಂಡನ ಕೈ ಸೆಟೆದುಕೊಂಡಿತು. ಬೆರಳುಗಳು ಒಂದೊಂದಾಗಿ ಸಡಿಲವಾಗುತ್ತಿರುವುದು ಅವಳಿಗೆ ತಿಳಿಯಿತು. ಅವನು ಅವಳ ಕಡೆ ತಿರುಗಿ ನೋಡಿದ. ಆ ಕಣ್ಣುಗಳಲ್ಲಿ ಹಳೆಯ ಹೆದರಿಕೆ ತಲೆಯೆತ್ತುತ್ತಿತ್ತು, ಆದರೆ ಅವನು ಇನ್ನೂ ಕಾಯುತ್ತಿದ್ದ, ಅವಳು ಏನು ಹೇಳುತ್ತಾಳೋ ಎಂದು. ಹೌದು ಎಂದರೆ ಅವನು ಗೋಡೆಗೆ ಒತ್ತಿಕೊಳ್ಳುತ್ತಾನೆ. ಹೌದು ಎನ್ನಬೇಕೆಂದು ಎದೆ ಒಡೆದುಹೋಗುತ್ತಿತ್ತು. ಅವಳು ಗಂಟಲಲ್ಲಿ ಉಳಿದಿದ್ದ ಚೂರುಪಾರು ದನಿಯನ್ನೆಲ್ಲ ನರ್ಸಿನ ಮೂಗುದನಿಗೆ ಒಟ್ಟುಮಾಡಿದಳು.

"ಅಲ್ಲಪ್ಪ" ಎಂದಳು. "ನಾನಲ್ಲ. ಇವರ ಹೆಂಡತಿ ಬೇರೆ."

ಅಂಗಡಿಯವನು ಇಬ್ಬರ ಮುಖವನ್ನೂ ನೋಡಿ, ಇನ್ನೇನೂ ಹೇಳದೆ, ಫೋಟೋವನ್ನು ಹಿಂದಕ್ಕೆ ಕೊಟ್ಟ. ಗಂಡನ ಬೆರಳುಗಳು ತಿರುಗಿ ಅವಳ ಬೆರಳುಗಳನ್ನು ಗಟ್ಟಿಯಾಗಿ ಹಿಡಿದುಕೊಂಡವು.

"ಎಲ್ಲರೂ ಹೀಗೇ ಮೋಸಹೋಗ್ತಾರೆ, ನೀವು ಬೇಜಾರು ಮಾಡ್ಕೋಬೇಡಿ" ಎಂದು ಅವನು ಅವಳನ್ನು ಸಮಾಧಾನ ಮಾಡಿದ. "ಬನ್ನಿ, ಮುಂದಿನ ಅಂಗಡೀಲಿ ಕೇಳೋಣ."